ಕೆನ್ನೆಯ ಮೇಲಿನ ಕೆಂಪು

ಗೆಂಟ್ ನಗರದ ಚಿತ್ರಕಲಾ ಪ್ರದರ್ಶನದ ಎದುರು ಟ್ರಾಮಿಗೆ ಕಾಯುತ್ತಿದ್ದಾಗ, ಶೋಕದ ಕಪ್ಪು ಉಡುಪಿನ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು.

“ಮಗಳ ಚಿತ್ರ ಬೆಳಿಗ್ಗೆನೇ ನೋಡಿದ್ಯಲ್ಲಕ್ಕ, ಸಂಜೆ ಮತ್ತೆ ಯಾಕೆ ಬಂದೆ?”

“ಲೀವಳ ಕೆನ್ನೆ ಮೇಲಿನ ಕೆಂಪು ಇನ್ನೂ ಇದೆಯಾ ಅಂತ.”

“ಅದು ಅವಳ ಆತ್ಮದ ಸಂಕೇತ ಅಂತಿದ್ದ ಚಿತ್ರಗಾರ.”

“ಆತ್ಮ ಅಲ್ಲ ಕಣೆ, ನಮ್ಮ ಚರ್ಚಿನ ಬಣ್ಣದ ಗಾಜಿಂದು. ಕೆಮ್ಮಿ ಕೆಮ್ಮಿ ಬಿಳಚಿಕೊಂಡಿದ್ದೋಳು, ಆ ಕಿಟಕಿ ಪಕ್ಕ ಕೂತಾಗ ಮಾತ್ರ ಗುಣವಾದ ಹಾಗೆ ಕಾಣೋಳು. ಹೊತ್ತು ಇಳೀತಿದ್ದ ಹಾಗೆ ಕೆಂಪು ಕೆನ್ನೆ ಬಿಟ್ಟು ಗೋಡೆಗೆ ಹೋಗ್ತಿತ್ತು.”

“ಚಿತ್ರದಲ್ಲಿ ಬರೆದಿದ್ದು ಎಲ್ಲಿಗೆ ಹೋಗುತ್ತಕ್ಕ?”

“ಹೋಗಿಲ್ಲ. ಬಾಗಿಲು ಹಾಕೋವರೆಗೂ ಕೂತು ನೋಡಿದೆ.”

ಟ್ರಾಮು ಬಂತು. ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ಒಳಗೆ ದೀಪ ಆರಿಸಿದ ಮೇಲೂ ಇರುತ್ತಾ?”

“ಇರುತ್ತೆ. ಹತ್ತಕ್ಕ.”