ಕಾಗದದಲ್ಲಿ ಬರೆಯದ ಧೂಳು

ಎಕ್ಸ್‌ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಕಲ್ಲು ಕೊಯ್ಯುವವನ ಹೆಂಡತಿ ಕೂತಿದ್ದಳು. ಶ್ವಾಸಕೋಶದ ಕ್ಯಾನ್ಸರ್ ಆಗಿದ್ದ ಗಂಡ ಒಳಗಿದ್ದ. ಅವನು ಕೆಲಸ ಮಾಡುತ್ತಿದ್ದ ಕಲ್ಲಿನ ಕಾರ್ಖಾನೆಯ ಮೇಸ್ತ್ರಿ, ಕಾಯಿಲೆಗೆ ಕಾರಣ ಬರೆದ ಕಾಗದ ಹಿಡಿದು ಅವಳೆದುರು ನಿಂತಿದ್ದ.

“ಸಿಗರೇಟಿನಿಂದ ಬಂತು ಅಂತ ಬರೆದಿದೀನಿ. ಸೈನ್ ಹಾಕಮ್ಮ.”

“ಅವರು ಬಿಟ್ಟು ಹದಿನೈದು ವರ್ಷ ಆಯ್ತು.”

“ಸೇದಿದ್ದು ಸುಳ್ಳಾ?”

“ಸುಳ್ಳಲ್ಲ. ಅದನ್ನೂ ಬರೀರಿ, ಕಲ್ಲಿನ ಧೂಳನ್ನೂ ಬರೀರಿ. ಎರಡೂ ಸೇರಿದ್ರೆ ಇನ್ನೂ ಕೆಟ್ಟದ್ದು ಅಂತ ಡಾಕ್ಟ್ರೇ ಹೇಳಿದ್ರು.”

“ಧೂಳಿಗೆ ಕೆಮ್ಮು ಬರುತ್ತೆ, ಕ್ಯಾನ್ಸರ್ ಬರಲ್ಲ. ಮುಖಕ್ಕೆ ಟವೆಲ್ ಬೇರೆ ಕಟ್ಕೊಳ್ತಿದ್ದ.”

“ಟವೆಲಲ್ಲಿ ನಿಲ್ಲೋ ಧೂಳಾ ಅದು? ನೀರು ಬಿಟ್ಟು ಕೊಯ್ಸಿ ಅಂತ ಎಷ್ಟು ಸಲ ಬೇಡ್ಕೊಂಡ್ರು. ಕೆಲಸ ನಿಧಾನ ಆಗುತ್ತೆ ಅಂದ್ರಿ.”

“ಇಪ್ಪತ್ತು ವರ್ಷ ನಾನೂ ಅದೇ ಧೂಳು ಕುಡಿದಿದೀನಿ. ಗುಂಡುಕಲ್ಲಿನ ಹಾಗಿಲ್ವಾ?”

“ಎಕ್ಸ್‌ರೇ ಕೋಣೆ ಇಲ್ಲೇ ಇದೆ. ನೋಡಿಸ್ಕೊಂಡು ಬಂದು ಆ ಮಾತು ಹೇಳಿ.”

ಒಳಗಿನಿಂದ ನರ್ಸ್ ಕರೆದಳು. ಹೆಂಗಸು ಮೇಸ್ತ್ರಿಯ ಕೈಯಿಂದ ಕಾಗದ ಕಿತ್ತುಕೊಂಡು, ‘ಸಿಗರೇಟಿನಿಂದ’ ಎಂಬುದರ ಮುಂದೆ ‘ಕಲ್ಲಿನ ಧೂಳಿನಿಂದಲೂ’ ಎಂದು ದಪ್ಪಗೆ ಬರೆದು ಸೈನ್ ಹಾಕಿದಳು. ಅವನಿಗೆ ಕೊಡದೆ, ಡಾಕ್ಟರಿಗೇ ಕೊಡುತ್ತೇನೆಂದು ಒಳಗೆ ಹೋದಳು.

ಮೇಸ್ತ್ರಿ ಒಂದು ಗಳಿಗೆ ಎಕ್ಸ್‌ರೇ ಕೋಣೆಯ ಬಾಗಿಲನ್ನೇ ನೋಡುತ್ತ ನಿಂತಿದ್ದು, ಆಮೇಲೆ ಮೆಟ್ಟಿಲಿಳಿದು ಹೋದ.