ಮರದ ಡಿಪೋ ಗೋಡೆಗೆ ಕಾರು ಉಜ್ಜಿದ್ದು ನನ್ನ ಸೊಸೆ

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ನಾನು, ವಯಸ್ಸು ಅರವತ್ತೊಂದು, ಉದ್ಯೋಗ ಹೊಲಿಗೆ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಮೂರನೇ ಮನೆ, ಕೆಳಗೆ ಅಂಗಡಿ ಮೇಲೆ ಸಂಸಾರ, ಯಾರೂ ಕರೆಯದಿದ್ದರೂ ನಾನಾಗಿಯೇ ಠಾಣೆಗೆ ಬಂದು, ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದು, ಈ ಮೂಲಕ ತಿಳಿಸುವುದೇನೆಂದರೆ:

ಇಂದು ಶನಿವಾರ ಬೆಳಿಗ್ಗೆ ನಮ್ಮ ಮನೆಯ ಐದು ಜನ ಕೂತಿದ್ದ ಕಾರು ಇಳಿಜಾರು ರಸ್ತೆಯಲ್ಲಿ ಮರದ ಡಿಪೋದ ಕಾಂಪೌಂಡ್ ಗೋಡೆಗೆ ಉಜ್ಜಿ ನಿಂತಿತು. ಡಿಪೋ ಮಾಲೀಕರು ದೂರು ಕೊಟ್ಟಿದ್ದಾರೆ. ಓಡಿಸುತ್ತಿದ್ದವರು ನಿಯಂತ್ರಣ ತಪ್ಪಿ, ರಾಂಗ್ ಸೈಡಿಗೆ ಬಂದು ಗುದ್ದಿದರೆಂದು ಅದರಲ್ಲಿದೆ. ಕಾರು ಓಡಿಸುತ್ತಿದ್ದವನು ತಾನೇ ಎಂದು ನನ್ನ ಮಗ ಮಧ್ಯಾಹ್ನ ಇದೇ ಮೇಜಿನ ಮುಂದೆ ಹೇಳಿ ಹೋಗಿದ್ದಾನೆ. ಅದು ಸುಳ್ಳು. ಓಡಿಸುತ್ತಿದ್ದವಳು ನನ್ನ ಸೊಸೆ, ವಯಸ್ಸು ಇಪ್ಪತ್ತೊಂಬತ್ತು.

ಮಗ ಸುಳ್ಳು ಹೇಳಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ರಜೆ ಮುಗಿದು ಶಾಲೆ ಶುರುವಾದಾಗ ಸೊಸೆ ಶಾಲಾ ಬಸ್ಸಿನ ಡ್ರೈವರಾಗಿ ಸೇರಬೇಕು. ದೊಡ್ಡ ಗಾಡಿಯ ಲೈಸೆನ್ಸು ಮಾಡಿಸಿಕೊಂಡು, ಗಂಡಸರ ಸಾಲಿನಲ್ಲಿ ನಿಂತು ಪರೀಕ್ಷೆ ಕೊಟ್ಟು ಗಿಟ್ಟಿಸಿದ ಕೆಲಸ. ಅವಳ ಮೇಲೆ ಒಂದು ಕೇಸು ಬಿದ್ದರೆ ಶಾಲೆಯವರು ಗೇಟಿನ ಒಳಕ್ಕೂ ಬಿಡುವುದಿಲ್ಲ. ಅದು ನನ್ನ ಮಗನಿಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ. ಮಗ ಚಿನ್ನದಂಥ ಹುಡುಗ, ಹೆಂಡತಿ ಮೇಲೆ ಪ್ರಾಣ ಇಟ್ಟುಕೊಂಡಿದ್ದಾನೆ. ಆದರೆ ಮನೆ ಗೇಟಿನಿಂದ ಕಾರು ಹಿಂದಕ್ಕೆ ತೆಗೆಯಲು ಮೂರು ಸಲ ಇಳಿದು ನೋಡುವವನು ಅವನು. ಇಂದು ಅವನೇ ಓಡಿಸಿದ್ದರೆ ಈ ಹೇಳಿಕೆ ಕೊಡಲು ನಾನು ಇರುತ್ತಿರಲಿಲ್ಲ.

ಕಾರಿನ ವಿಷಯ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಏಳು ಸೀಟಿನ ಡೀಸೆಲ್ ಗಾಡಿ, ಹನ್ನೊಂದು ವರ್ಷ ಹಳೆಯದು. ನಾಲ್ಕು ವರ್ಷದ ಮೊಮ್ಮಗಳು ಅದಕ್ಕೆ ದೊಡ್ಡಣ್ಣ ಎಂದು ಹೆಸರಿಟ್ಟಿದ್ದಾಳೆ, ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತೇವೆ. ಕೊಳ್ಳುವ ಮುಂಚೆ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದೆವು. ಎಂಜಿನ್ ಗಟ್ಟಿಯಾಗಿದೆ ಅಮ್ಮಾ, ಉಳಿದದ್ದೆಲ್ಲ ವಯಸ್ಸಿನ ಕಾಯಿಲೆ, ನಿಮಗೂ ಮಂಡಿ ನೋವಿಲ್ವಾ ಎಂದು ಅವರು ಹೇಳಿದರು. ಅವರ ಮಾತು ಸುಳ್ಳಾಗಲಿಲ್ಲ. ಎಂಜಿನ್ ಇವತ್ತಿನವರೆಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಕಾಯಿಲೆಗಳೂ ಒಂದೊಂದಾಗಿ ಬಂದವು.

ಇದೆಲ್ಲ ಬೇಕಿಲ್ಲ ಎಂದು ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಳ್ಳುತ್ತಿರುವವರು ಹೇಳಿದರು. ಬೇಕು, ಬ್ರೇಕಿನ ವಿಷಯ ಇಲ್ಲೇ ಬರುತ್ತದೆ, ಬರೆಯಿರಿ ಎಂದೆ.

ನನ್ನ ಯಜಮಾನರು ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿಯಲ್ಲಿ ಏನು ಕೆಟ್ಟರೂ ಮೊದಲು ಸದ್ದು ಬರುತ್ತದಂತೆ. ಬೆಲ್ಟು ಸಡಿಲವಾದರೆ ಒಂದು ಸದ್ದು, ಕಲ್ಲು ಸವೆದರೆ ಇನ್ನೊಂದು. ಅದೇ ಕಾನೂನನ್ನು ಅವರು ಕಾರಿಗೂ ತಂದರು. ಯಾವುದು ಹೆಚ್ಚು ಸದ್ದು ಮಾಡುತ್ತದೋ ಅದಕ್ಕೆ ಮೊದಲು ರಿಪೇರಿ. ಗುಂಡಿ ಇಳಿದಾಗಲೆಲ್ಲ ಮುಂದಿನ ಚಕ್ರದ ಹತ್ತಿರ ಟಕಟಕ ಎನ್ನುತ್ತಿತ್ತು. ಅದು ಸಸ್ಪೆನ್ಷನ್ ಬುಶ್ಶು, ಹನ್ನೊಂದು ಸಾವಿರ ಹೋಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೀಂ ಎನ್ನುತ್ತಿದ್ದ ಫ್ಯಾನ್ ಬೆಲ್ಟಿಗೆ ಎರಡು ಸಾವಿರ. ಗುಂಯ್ ಎನ್ನುತ್ತಿದ್ದ ಚಕ್ರದ ಬೇರಿಂಗಿಗೆ ಐದು. ಕ್ಲಚ್ ಪ್ಲೇಟ್ ಸದ್ದು ಮಾಡದಿದ್ದರೂ ಸುಟ್ಟ ವಾಸನೆ ಬರಿಸಿ ಇಪ್ಪತ್ತೆರಡು ಸಾವಿರ ನುಂಗಿತು. ಎ.ಸಿ. ಕಂಪ್ರೆಸರ್ ಗೊರಕೆ ಹೊಡೆಯತೊಡಗಿದಾಗ ಅದಕ್ಕೂ ಹದಿನಾಲ್ಕು ಸುರಿದೆವು. ಸೆಖೆ ತಡೆಯಲಾಗದೆ ಆಗ ಹೂಂ ಎಂದವಳು ನಾನೇ.

ಬ್ರೇಕಿನ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆ, ಹಿಂದಿನ ಬ್ರೇಕ್ ಶೂಗಳೂ ಸವೆದಿವೆ, ಎಲ್ಲ ಸೇರಿ ಆರು ಸಾವಿರದಲ್ಲಿ ಮುಗಿಯುತ್ತದೆ, ಮೊದಲು ಇದನ್ನು ಮಾಡಿಸಿ ಎಂದು ಮೇಸ್ತ್ರಿ ಈ ತಿಂಗಳ ಮೊದಲಲ್ಲೇ ಹೇಳಿದ್ದರು. ಸದ್ದು ಬರ್ತಿದೆಯಾ ಎಂದು ಯಜಮಾನರು ಕೇಳಿದರು. ಬ್ರೇಕ್ ಪೈಪು ಸದ್ದು ಮಾಡಲ್ಲ ಸ್ವಾಮಿ ಎಂದು ಮೇಸ್ತ್ರಿ ತಲೆ ಚಚ್ಚಿಕೊಂಡರು. ಹಾಗಾದರೆ ಮುಂದಿನ ತಿಂಗಳು ನೋಡೋಣ ಎಂದು ಯಜಮಾನರು ಎದ್ದು ಬಂದರು. ಪೆಡಲ್ ಮೆತ್ತಗಾಗಿದೆ ಮಾವ ಎಂದು ಸೊಸೆಯೂ ಎರಡು ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಜಗಳಕ್ಕೆ ಇಳಿಯದೆ, ಮುಂದಿನ ತಿಂಗಳ ಮೊದಲ ವಾರವೇ ಮಾಡಿಸುವುದೆಂದು ಮಾವನ ಬಾಯಿಂದ ಹೂಂ ಅನ್ನಿಸಿಕೊಂಡು, ಅಲ್ಲಿಯವರೆಗೆ ದಿನಾ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡುತ್ತಿದ್ದಳು. ಇಂದು ಬೆಳಿಗ್ಗೆಯೂ ನೋಡಿದಳು. ಆಯಿಲ್ ಸರಿಯಾಗಿತ್ತು. ನಾನು ಪಕ್ಕದಲ್ಲೇ ನಿಂತು, ಹೊರಡೇ ಮಾರಾಯ್ತಿ, ಅದೇನು ಕನ್ನಡಿಯಾ ಅಷ್ಟು ಹೊತ್ತು ನೋಡೋಕೆ ಎಂದು ರೇಗಿದ್ದೆ.

ನನ್ನ ಮಗಳ ಮನೆಯಲ್ಲಿ ಹಸುಗೂಸನ್ನು ನೋಡಿಕೊಂಡು ವಾಪಸು ಬರುತ್ತಿದ್ದೆವು. ಮುಂದೆ ಎಡಗಡೆ ಯಜಮಾನರು. ಹಿಂದಿನ ಸೀಟಿನಲ್ಲಿ ಎಡಕ್ಕೆ ನಾನು, ನಡುವೆ ಮೊಮ್ಮಗಳು, ಬಲಕ್ಕೆ, ಅಂದರೆ ಸೊಸೆಯ ಬೆನ್ನ ಹಿಂದೆ, ಮಗ. ಇಳಿಜಾರು ಶುರುವಾಗುವಲ್ಲಿ ಹನ್ನೊಂದೂ ನಲವತ್ತು. ಆ ರಸ್ತೆ ಸುಮಾರು ಒಂದು ಕಿಲೋಮೀಟರು ಇಳಿಯುತ್ತದೆ. ಎಡಗಡೆ ಉದ್ದಕ್ಕೂ ಕಲ್ಲಿನ ತಡೆಗೋಡೆ, ಬಲಗಡೆ ಅರ್ಧದಿಂದ ಆಚೆಗೆ ಮರದ ಡಿಪೋ ಗೋಡೆ. ಕೆಳಗೆ ಬಸ್ ಸ್ಟಾಪು, ಅಲ್ಲಿ ಆ ಹೊತ್ತಿಗೆ ಮೂವತ್ತು ಜನಕ್ಕೆ ಕಡಿಮೆ ಇರಲಿಲ್ಲ.

ಎರಡನೇ ತಿರುವಿನಲ್ಲಿ ಕಾರು ಒಮ್ಮೆ ಮುಗ್ಗರಿಸಿ, ಆಮೇಲೆ ಬಿಟ್ಟುಕೊಂಡ ಹಾಗೆ ಓಡಿತು. ಸೊಸೆ ಮೂರು ನಾಲ್ಕು ಸಲ ಪೆಡಲ್ ತುಳಿದದ್ದು ನನಗೆ ಕಾಣಿಸಿತು. ಅವಳು ಕಿರುಚಲಿಲ್ಲ. ಅತ್ತೆ, ಪುಟ್ಟೀನ ಗಟ್ಟಿಯಾಗಿ ತಬ್ಬಿಕೊಳ್ಳಿ, ಬ್ರೇಕ್ ಹೋಗಿದೆ ಎಂದಳು. ಹಾಲು ಉಕ್ತಿದೆ ಒಲೆ ಆರಿಸಿ ಅನ್ನುವ ದನಿಯಲ್ಲೇ ಹೇಳಿದಳು. ನಾನು ಮೊಮ್ಮಗಳನ್ನು ಅವಚಿಕೊಂಡೆ. ಲೈಟು ಹಾಕಿ ಹಾರ್ನ್ ಒತ್ತತೊಡಗಿದಳು. ಗೇರು ಒಂದೊಂದೇ ಇಳಿಸಿದಳು. ಪ್ರತಿ ಗೇರಿಗೂ ದೊಡ್ಡಣ್ಣ ಗೋಳೋ ಎಂದು ಅರಚಿತು, ಆದರೆ ಅವಳ ಮಾತು ಕೇಳಿ ಸ್ವಲ್ಪ ಸ್ವಲ್ಪ ನಿಧಾನವಾಯಿತು. ಹ್ಯಾಂಡ್ ಬ್ರೇಕು ಎಳೆದಳು. ಹಿಂದಿನ ಬ್ರೇಕ್ ಸವೆದಿದ್ದರಿಂದ ಅದು ಅರ್ಧಕ್ಕರ್ಧ ಮಾತ್ರ ಹಿಡಿಯಿತು.

ಆಗ ಅವಳು ಕನ್ನಡಿಯಲ್ಲಿ ನನ್ನ ಮಗನನ್ನು ನೋಡಿ, ರೀ, ಬೆಲ್ಟ್ ಬಿಚ್ಚಬೇಡಿ, ಆದಷ್ಟು ಎಡಕ್ಕೆ ವಾಲಿ, ಪುಟ್ಟಿ ಕಡೆಗೆ ಎಂದಳು. ಅವನು ಏನು ಎತ್ತ ಎಂದು ಬಾಯಿ ತೆರೆದ. ವಾಲಿ ಅಂದ್ನಲ್ಲ ಎಂದು ಗದರಿದಳು. ಅವನು ವಾಲಿ ಮಗಳ ಮೇಲೆ ಕೈ ಅಡ್ಡ ಹಿಡಿದ. ಈ ಹೊತ್ತಿನಲ್ಲಿ ಇದೇನು ಸೀಟು ಸರಿ ಮಾಡ್ತಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಯಜಮಾನರು ಎಡಗಡೆ ಗೋಡೆಗೆ ಒತ್ತು, ಎಡಕ್ಕೆ ಒತ್ತು ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ತಡೆಗೋಡೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಮಾವ, ದಮ್ಮಯ್ಯ, ಸುಮ್ನೆ ಕೂತ್ಕೊಳ್ಳಿ ಎಂದಳು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಮಾವನಿಗೆ ಅವಳು ಎದುರಾಡಿದ್ದು ಅದೇ ಮೊದಲು. ಅವರು ಗಪ್‌ಚಿಪ್ಪಾದರು. ಮೂವತ್ತೆಂಟು ವರ್ಷದಿಂದ ನನ್ನಿಂದ ಆಗದ ಕೆಲಸ ಅದು. ಬರೆದುಕೊಳ್ಳುತ್ತಿರುವವರು ನಗುತ್ತಿದ್ದಾರೆ, ನಗಲಿ.

ಎದುರಿಗೆ ಒಂದು ನೀರಿನ ಟ್ಯಾಂಕರ್ ಏರಿ ಬರುತ್ತಿತ್ತು. ಅವಳು ತನ್ನ ಸೈಡಿನಲ್ಲೇ ಇದ್ದು ಅದು ದಾಟಿ ಹೋಗುವವರೆಗೂ ಕಾದಳು. ಜೀವ ಬಾಯಿಗೆ ಬಂದಿರುವಾಗ ಕಾಯುವುದೆಂದರೆ ಏನೆಂದು ಡಿಪೋ ಮಾಲೀಕರನ್ನು ನೀವೇ ಕೇಳಿ ನೋಡಿ. ಟ್ಯಾಂಕರ್ ದಾಟಿದ ಮೇಲೆ ರಸ್ತೆ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ಬಲಕ್ಕೆ ತಿರುಗಿಸಿ, ಡಿಪೋ ಗೋಡೆಗೆ ಕಾರನ್ನು ಓರೆಯಾಗಿ ತಾಗಿಸಿದಳು. ನೇರ ಗುದ್ದಲಿಲ್ಲ. ಬಟ್ಟೆ ಅಂಚಿಗೆ ಹೊಲಿಗೆ ಹಾಕುವ ಹಾಗೆ ಗೋಡೆಯ ಉದ್ದಕ್ಕೂ ಉಜ್ಜಿಕೊಂಡು ಹೋದಳು. ಸುಮಾರು ಅರವತ್ತು ಅಡಿ ಉಜ್ಜಿ, ಗೇಟಿನ ಕಂಬಕ್ಕೆ ತಾಗಿ ಕಾರು ನಿಂತಿತು. ಬಸ್ ಸ್ಟಾಪು ಅಲ್ಲಿಂದ ನೂರು ಹೆಜ್ಜೆ ಇರಬಹುದು.

ಅವಳು ಎಂಜಿನ್ ಆರಿಸಿದಳು. ಎಲ್ಲರೂ ಎಡಗಡೆ ಬಾಗಿಲಿಂದ ಇಳಿಯಿರಿ ಎಂದಳು. ಪುಟ್ಟೀ, ಎಲ್ಲಾದ್ರೂ ನೋವಾಯ್ತಾ ಎಂದು ಕೇಳಿದಳು. ಪುಟ್ಟಿ ಇನ್ನೊಂದ್ಸಲ ಎಂದಿತು. ಅದಕ್ಕೆ ಅಷ್ಟೂ ಆಟವಾಗಿತ್ತು. ನಮ್ಮ ನಾಲ್ವರಲ್ಲಿ ಯಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ. ಎಲ್ಲರೂ ಇಳಿದ ಮೇಲೆ, ರೀ, ನನ್ನ ಬಲಗೈ ಮೇಲೆ ಬರ್ತಿಲ್ಲ ಎಂದು ಮಗನಿಗೆ ಹೇಳಿದಳು. ಅವಳ ಕಡೆಯ ಬಾಗಿಲು ಒಳಕ್ಕೆ ನುಗ್ಗಿ ಸೀಟಿಗೆ ಅಂಟಿಕೊಂಡಿತ್ತು. ಮಗ ಅವಳನ್ನು ಎಡಗಡೆಯಿಂದ ಎಳೆದುಕೊಂಡು, ಎತ್ತಿ ತಂದು, ರಸ್ತೆ ಬದಿಯಲ್ಲಿ ಕೂರಿಸಿದ.

ಆ ಹೊತ್ತಿಗೆ ಡಿಪೋ ಮಾಲೀಕರು ಬಂದು, ಯಾರ್ರೀ ಓಡಿಸ್ತಿದ್ದದ್ದು, ಹೆಂಗಸರ ಕೈಗೆ ಸ್ಟಿಯರಿಂಗ್ ಕೊಟ್ರೆ ಇನ್ನೇನಾಗುತ್ತೆ ಎಂದು ಕೂಗಾಡಿದರು. ನಾನೇ ಓಡಿಸ್ತಿದ್ದೆ ಸಾರ್ ಎಂದು ಮಗ ಮುಂದೆ ನಿಂತ. ಅಲ್ಲ, ನಾನು ಎನ್ನಲು ಸೊಸೆ ನೋಡಿದಳು, ನೋವಿಗೆ ಮಾತು ಹೊರಡಲಿಲ್ಲ. ನನಗೂ ಆಗ ಬಾಯಿ ಬರಲಿಲ್ಲ. ಬಂದಿದ್ದರೆ ಮಾಲೀಕರ ಮೇಲೆ ಎರಡನೇ ಹೇಳಿಕೆ ಬರೆಯಬೇಕಾಗುತ್ತಿತ್ತು. ಅವರ ಗೋಡೆಯ ದುರಸ್ತಿ ನಾವು ಮಾಡಿಸಿಕೊಡುತ್ತೇವೆ, ಅದರಲ್ಲಿ ತಕರಾರಿಲ್ಲ.

ಮಧ್ಯಾಹ್ನ ಗ್ಯಾರೇಜಿನ ಮೇಸ್ತ್ರಿ ಬಂದು ಕಾರಿನ ಕೆಳಗೆ ತೂರಿ ನೋಡಿದರು. ಮುಂದಿನ ಪೈಪು ಒಡೆದು ಆಯಿಲೆಲ್ಲ ಚೆಲ್ಲಿದೆ ಎಂದರು. ಗೋಡೆಯ ಮೇಲಿನ ಗೀಟನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ, ಇಂಥಾ ಡ್ರೈವರನ್ನ ನಾನು ಕಂಡಿಲ್ಲ ಎಂದರು. ಯಜಮಾನರು ಅವರ ಮುಂದೆ ಕೈಮುಗಿದು ನಿಂತರು. ಒಡೆದ ಪೈಪನ್ನು ಮೇಸ್ತ್ರಿ ಇಲ್ಲಿಗೆ ತಂದು ಒಪ್ಪಿಸುತ್ತಾರೆ, ನೀವೇ ಪರೀಕ್ಷೆ ಮಾಡಿಸಿ.

ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಸೊಸೆಯನ್ನು ಕಂಡೆ. ಬಲ ಭುಜದ ಮೂಳೆ ಮುರಿದಿದೆ, ಆರು ವಾರದಲ್ಲಿ ಕೂಡುತ್ತದೆ ಎಂದಿದ್ದಾರೆ. ಅಲ್ವೇ, ಎಡಗಡೆ ಗೋಡೆ ಅಷ್ಟು ಹತ್ತಿರ ಇತ್ತಲ್ಲ, ನಿಮ್ಮ ಮಾವ ಅಷ್ಟು ಕೂಗಿದ್ರೂ ಅದನ್ನ ಬಿಟ್ಟು ಆ ಕಡೆಗೆ ಯಾಕೆ ಹೋದೆ ಎಂದು ಕೇಳಿದೆ. ಎಡಗಡೆ ನೀವೆಲ್ಲ ಇದ್ರಲ್ಲ ಅತ್ತೆ, ಆ ಕಡೆ ನಾನೊಬ್ಬಳೇ ಅಲ್ವಾ ಎಂದಳು. ಆಮೇಲೆ ಪುಟ್ಟಿಗೆ ಊಟ ಮಾಡಿಸಿದ್ರಾ ಎಂದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತು, ಕಣ್ಣೊರೆಸಿಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ನೇರ ಇಲ್ಲಿಗೆ ಬಂದೆ.

ಮಗನ ಹೇಳಿಕೆಯೇ ಇರಲಿ ಬಿಡಿ ಅಮ್ಮಾ, ಸೊಸೆಯ ಕೆಲಸವಾದರೂ ಉಳಿಯುತ್ತದೆ ಎಂದು ಬರೆದುಕೊಳ್ಳುತ್ತಿರುವವರು ಈಗ ತಾನೆ ಪೆನ್ನು ಕೆಳಗಿಟ್ಟು ಹೇಳಿದರು. ಅವರ ಒಳ್ಳೆಯ ಮನಸ್ಸಿಗೆ ನಮಸ್ಕಾರ. ಆದರೆ ಅವಳು ಮಾಡಿದ್ದನ್ನು ಇನ್ನೊಬ್ಬರ ಹೆಸರಿಗೆ ಬರೆಯಲು ನಾನು ಬಿಡುವುದಿಲ್ಲ, ಅವನು ನಾನು ಹೆತ್ತ ಮಗನಾದರೂ ಸರಿಯೇ. ಸೊಸೆಯ ಕೈಯಲ್ಲಿ ಕಾರಿನ ನಿಯಂತ್ರಣ ಒಂದು ಗಳಿಗೆಯೂ ತಪ್ಪಿರಲಿಲ್ಲ. ರಾಂಗ್ ಸೈಡಿಗೆ ಬೇಕೆಂದೇ ಹೋದಳು, ಗೋಡೆಗೆ ಬೇಕೆಂದೇ ಉಜ್ಜಿದಳು. ಕೇಸು ಹಾಕುವುದಾದರೆ ಇದನ್ನೇ ಬರೆದು ಹಾಕಿ, ಇದರ ಒಂದು ಪ್ರತಿಯನ್ನು ಶಾಲೆಗೂ ಕಳಿಸಿ. ಇದನ್ನು ಓದಿದ ಮೇಲೂ ಅವರು ತಮ್ಮ ಮಕ್ಕಳನ್ನು ಇವಳ ಬಸ್ಸಿನಲ್ಲಿ ಕೂರಿಸದೆ ಇನ್ಯಾರ ಬಸ್ಸಿನಲ್ಲಿ ಕೂರಿಸುತ್ತಾರೋ ನಾನೂ ನೋಡುತ್ತೇನೆ.

ಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಜೋರಾಗಿ ಓದಿಸಿ ಕೇಳಿ, ನಾನು ಹೇಳಿದಂತೆಯೇ ಇದೆಯೆಂದು ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರೆಯುವವರ ಮೇಜು
ದಿನಾಂಕ: ಘಟನೆ ನಡೆದ ಶನಿವಾರವೇ, ಸಂಜೆ ಐದೂವರೆ
ಸಹಿ: ಟೈಲರಮ್ಮ, ಕಾರು ಓಡಿಸುತ್ತಿದ್ದವಳ ಅತ್ತೆ