ಅಳತೆ ಪುಸ್ತಕ

ಕೌಟುಂಬಿಕ ನ್ಯಾಯಾಲಯದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ದರ್ಜಿ ಹೆಂಗಸೊಬ್ಬಳು ತನ್ನ ಅಕ್ಕನೊಡನೆ ಕೂತಿದ್ದಳು.

“ಅಂಗಡಿ, ಮೂರೂ ಮಿಷನ್ನು ನಿನ್ನ ಗಂಡನಿಗೇ ಬಿಟ್ಟುಕೊಟ್ಯಾ? ತಲೆ ಕೆಟ್ಟಿದೆಯೇನೇ?”

“ಅಳತೆ ಪುಸ್ತಕ ನನ್ನ ಹೆಸರಿಗೆ ಬರೆಸ್ಕೊಂಡೆ, ಅಕ್ಕಾ.”

“ಆ ಹರಕು ಪುಸ್ತಕಾನಾ?”

“ನಮ್ಮ ಬೀದಿ ಹೆಂಗಸರೆಲ್ಲರ ಅಳತೆ ಅದರಲ್ಲಿದೆ. ಟೇಪು ಹಿಡೀತಿದ್ದೋಳು ನಾನು. ಈಗ ಅವನ ಕೈಲಿ ಅಳತೆ ತೆಗೆಸ್ಕೊಳ್ಳೋಕೆ ಯಾವಳು ನಿಂತ್ಕೋತಾಳೆ? ರದ್ದಿ ಅಂದ್ಕೊಂಡು ನಗ್ತಾ ಕೊಟ್ಟುಬಿಟ್ಟ!”

“ಮಗಳು?”

“ನನ್ನ ಹತ್ರಾನೇ. ಭಾನುವಾರ ಮಾತ್ರ ಅಪ್ಪನ ಮನೆ.”

“ಅವಳ ಅಳತೇನೂ ಪುಸ್ತಕದಲ್ಲೇ ಇದೆಯಾ?”

“ಇಲ್ಲ. ಬೆಳೆಯೋ ಮಗು, ತಿಂಗಳಿಗೊಂದು ಸಲ ಹೊಸದಾಗಿ ತಗೋಬೇಕು. ಮೊನ್ನೆ ಅವನು ಹೊಲಿದು ತಂದ ಫ್ರಾಕು ಭುಜದಿಂದ ಕೆಳಗೆ ಇಳೀಲೇ ಇಲ್ಲ.”

ಒಳಗಿಂದ ರುಜುವಿಗೆ ಕರೆದರು. ಕೊರಳಲ್ಲಿದ್ದ ಟೇಪನ್ನು ತೆಗೆಯದೆಯೇ ಅವಳು ಎದ್ದು ಹೋದಳು.